ನಿಲ್ಲದ ನಾದಕ್ಕೆ ಕೆಲವು ಅಡ್ಡದಾರಿಗಳು

ಮೀಟಿದ ತಂತಿ ಕೆಲವೇ ಸೆಕೆಂಡುಗಳಲ್ಲಿ ಸೋಲುತ್ತದೆ. ತಂತಿಯೊಳಗಿನ ತಿಕ್ಕಾಟ ಒಂದಿಷ್ಟು ಶಕ್ತಿ ತಿನ್ನುತ್ತದೆ, ಗಾಳಿ ಒಂದಿಷ್ಟು ತಿನ್ನುತ್ತದೆ, ಉಳಿದದ್ದು ಕುದುರೆಯ (ತಂತಿ ಕೂರುವ ಪುಟ್ಟ ಸೇತುವೆಯ) ಮೂಲಕ ಕೊಡಕ್ಕೆ ಇಳಿದು ಹೊರಗೆ ಹೋಗುತ್ತದೆ. ಮೂರನೆಯದು ಲೆಕ್ಕದಲ್ಲಿ ನಷ್ಟವೇ ಆದರೂ ನಮ್ಮ ಕಿವಿಗೆ ಬೀಳುವುದು ಅದೇ. ಹಾಗಾಗಿ ನಾದ ನಿಲ್ಲಬಾರದು ಅಂದರೆ ಸೋರಿಕೆ ಮುಚ್ಚಿ ಪ್ರಯೋಜನವಿಲ್ಲ. ಹೋದಷ್ಟನ್ನು ತುಂಬುತ್ತಲೇ ಇರಬೇಕು.

ನಮ್ಮ ಸಂಗೀತದಲ್ಲಿ ಈ ಕೆಲಸ ಬಹುಕಾಲದಿಂದ ಮನುಷ್ಯರದ್ದೇ. ತಂಬೂರಿಯಲ್ಲಿ ಒಂದು ತಂತಿ ಇಳಿಯುವ ಮೊದಲೇ ಮುಂದಿನದನ್ನು ಮೀಟಿ ನಾಲ್ಕರ ನಾದವನ್ನೂ ಒಂದರ ಮೇಲೊಂದು ಹಾಸುತ್ತಾರೆ. ನಾಗಸ್ವರದ ಪಕ್ಕದಲ್ಲಿ ಒತ್ತು (ಶ್ರುತಿ ಮಾತ್ರ ನುಡಿಯುವ ಜೊತೆವಾದ್ಯ) ಹಿಡಿದವರು ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ಪೀಪಿಗೆ ದೂಡುತ್ತಿರುವಾಗಲೇ ಮೂಗಿನಿಂದ ಉಸಿರೆಳೆದುಕೊಳ್ಳುತ್ತಾರೆ. ಪೀಪಿ ಗಾಳಿಗೆ ತಡೆ ಒಡ್ಡುವುದರಿಂದ ಕೆನ್ನೆಯಷ್ಟು ಗಾಳಿಯೇ ಒಂದು ಉಸಿರಿನ ಹೊತ್ತಿಗೆ ಸಾಕಾಗುತ್ತದೆ. ಕೊಳಲಿನಲ್ಲಿ ಆ ತಡೆ ಇಲ್ಲ, ಕೆನ್ನೆ ಕ್ಷಣದಲ್ಲಿ ಖಾಲಿ. ಅದಕ್ಕೇ ಕೊಳಲಿನಲ್ಲಿ ಇದು ತೀರಾ ಕಷ್ಟ.

ಶ್ರುತಿ ಮಾತ್ರ ಬೇಕಿದ್ದರೆ ಎಲೆಕ್ಟ್ರಾನಿಕ್ ತಂಬೂರಿ ಇದೆ, ಬೆಂಗಳೂರಿನ ರಾಡೆಲ್‌ನವರದ್ದು ಎಷ್ಟೋ ಮನೆಗಳಲ್ಲಿ ಇದೆ. ಮೊಬೈಲ್ ಆ್ಯಪ್‌ಗಳಿಗಂತೂ ಲೆಕ್ಕವಿಲ್ಲ. ಇಲ್ಲಿನ ವಿಷಯ ಬೇರೆ. ನಿಜವಾದ ತಂತಿ, ನಿಜವಾದ ರೀಡ್ ತಾನಾಗಿ ನುಡಿಯುತ್ತಲೇ ಇರಬೇಕು. ಕಾಯಿಲ್, ಅಯಸ್ಕಾಂತ, ಮೋಟಾರು, ಮೀನಿನ ಗಾಳದ ದಾರ, ಏನು ಬೇಕಾದರೂ ಬಳಸಬಹುದು.

ಯಾವಾಗ ದೂಡಬೇಕು

ಉಯ್ಯಾಲೆ ದೂಡುವವರಿಗೆ ಗೊತ್ತು: ಅದು ತುದಿಯಲ್ಲಿ ನಿಂತಾಗ ದೂಡಿದರೆ ಶ್ರಮ ದಂಡ, ನಮ್ಮಿಂದ ದೂರಕ್ಕೆ ವೇಗವಾಗಿ ಹೋಗುತ್ತಿರುವಾಗ ದೂಡಿದರೆ ಪೂರಾ ಲಾಭ. ತಂತಿಗೂ ಅಷ್ಟೇ. ಬಲ ತಂತಿಯ ವೇಗದ ಜೊತೆ ಹೆಜ್ಜೆ ಹಾಕಬೇಕು, ಅದು ಇರುವ ಜಾಗದ ಜೊತೆ ಅಲ್ಲ. ವಿರುದ್ಧ ಫೇಸ್‌ನಲ್ಲಿ, ಅಂದರೆ ತಂತಿಯ ಚಲನೆಗೆ ಎದುರಾಗಿ, ದೂಡಿದರೆ ಅದು ಬ್ರೇಕ್. ಕಾಲು ಸುತ್ತು ಆಚೀಚೆ ಆದರೆ ನಾದ ಉಳಿಯುವುದೂ ಇಲ್ಲ, ಬೇಗ ಸಾಯುವುದೂ ಇಲ್ಲ. ಶ್ರುತಿ ಮಾತ್ರ ಒಂದು ಕೂದಲೆಳೆ ಸರಿಯುತ್ತದೆ. ಈ ಬರಹದಲ್ಲಿ ಬರುವ ಮುಕ್ಕಾಲು ಪಾಲು ತೊಂದರೆಗಳಿಗೆ ಮೂಲ ಇದೇ.

ಗಿಟಾರಿನವರ ಇ-ಬೋ ಈ ತತ್ವದ ಅಚ್ಚುಕಟ್ಟಾದ ರೂಪ. ಗ್ರೆಗ್ ಹೀಟ್ 1969ರಲ್ಲಿ ರೂಪಿಸಿದ್ದು, 1976ರಲ್ಲಿ ಮಾರುಕಟ್ಟೆಗೆ ಬಂತು. ಅಂಗೈಯಲ್ಲಿ ಹಿಡಿಯುವ ಡಬ್ಬಿಯೊಳಗೆ ಎರಡು ಕಾಯಿಲ್, ಒಂದು ಪುಟ್ಟ ಆಂಪ್ಲಿಫೈಯರ್, 9 ವೋಲ್ಟ್ ಬ್ಯಾಟರಿ. ಒಂದು ಕಾಯಿಲ್ ತಂತಿಯ ಅಲುಗಾಟವನ್ನು ಕೇಳಿಸಿಕೊಳ್ಳುತ್ತದೆ, ಇನ್ನೊಂದು ಅದೇ ಸಂಕೇತದಿಂದ ತಂತಿಯನ್ನು ಎಳೆಯುತ್ತದೆ. ಅಯಸ್ಕಾಂತವಿರುವ ಕಾಯಿಲ್‌ನಲ್ಲಿ ಹುಟ್ಟುವ ವೋಲ್ಟೇಜ್ ತಂತಿಯ ವೇಗಕ್ಕೇ ಅನುಗುಣವಾಗಿ ಇರುವುದರಿಂದ ಫೇಸ್ ತಾನಾಗಿ ಸರಿಬರುತ್ತದೆ. ಅಕ್ಕಪಕ್ಕದ ತಂತಿಗಳ ಮೇಲೆ ಕೂರಲು ಅದರಲ್ಲಿ ಗಿಟಾರಿನ ಅಳತೆಯ ತೋಡುಗಳಿವೆ. ತಂತಿಗಳ ಅಂತರ ಬೇರೆಯಾದ ವಾದ್ಯದಲ್ಲಿ ಕೈಯಲ್ಲೇ ಎತ್ತಿ ಹಿಡಿಯಬೇಕಾಗುತ್ತದೆ.

ಉಕ್ಕಿನ ತಂತಿಗೆ ಕಾಯಿಲ್

ಮನೆಯಲ್ಲೇ ಮಾಡಿಕೊಳ್ಳಲು ಬೇಕಾದದ್ದು: ಒಂದು ಅಗ್ಗದ ಸಿಂಗಲ್ ಕಾಯಿಲ್ ಗಿಟಾರ್ ಪಿಕಪ್ (ತಂತಿಯ ಅಲುಗಾಟ ಕೇಳಿಸಿಕೊಳ್ಳುವ ಕಾಯಿಲ್), ಒಂದು ಎಲ್‌ಎಂ386 ಆಂಪ್ಲಿಫೈಯರ್ ಐಸಿ, ವೈಂಡಿಂಗ್ ವೈರ್, 6 ಮಿ.ಮೀ. ಬೋಲ್ಟ್, ಒಂದು ನಿಯೋಡಿಮಿಯಂ ಬಿಲ್ಲೆ. ಬೆಂಗಳೂರಿನವರಿಗೆ ಎಲ್ಲವೂ ಎಸ್.ಪಿ. ರೋಡಿನಲ್ಲಿ ಸಿಕ್ಕೀತು, ಬೇರೆ ಊರಿನಲ್ಲಿ ವೈರ್ ಬೇಕಿದ್ದರೆ ಮೋಟಾರ್ ವೈಂಡಿಂಗ್ ಅಂಗಡಿ ಸಾಕು.

ದೂಡುವ ಕಾಯಿಲ್‌ಗೆ 36 ಗೇಜ್ ವೈರ್ ಸುಮಾರು 14 ಮೀಟರ್ ಸುತ್ತಿ. ಅಷ್ಟಕ್ಕೆ ಸುಮಾರು 8 ಓಮ್ ಬರುತ್ತದೆ, ಎಲ್‌ಎಂ386 ಸ್ಪೀಕರ್ ಅಂದುಕೊಂಡು ಅದನ್ನು ಓಡಿಸುತ್ತದೆ. ಇನ್ನೂ ಸುತ್ತಿದರೆ ಬಲ ಹೆಚ್ಚುತ್ತದೆ ಅನ್ನಿಸುವುದು ಸಹಜ. ಆದರೆ ಸುತ್ತು ಹೆಚ್ಚಾದಂತೆ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಗೆ ಕಾಯಿಲ್ ಒಡ್ಡುವ ತಡೆ) ಏರಿ ಮೇಲಿನ ಸ್ವರಗಳಲ್ಲಿ ಕರೆಂಟು ಹಿಂದೆ ಬೀಳುತ್ತದೆ. 1 ಮಿಲಿಹೆನ್ರಿ ಆದರೂ ಸಾಕು, 1000 ಹರ್ಟ್ಸ್‌ನಲ್ಲಿ ಫೇಸ್ 38 ಡಿಗ್ರಿ ಹಿಂದೆ. ಮಂದ್ರದ ತಂತಿ ಚೆನ್ನಾಗಿ ಹಾಡಿ ಸಣ್ಣ ತಂತಿ ಮುನಿಸಿಕೊಂಡಿದ್ದರೆ ಕಾಯಿಲ್ ದಪ್ಪವಾಗಿದೆ ಎಂದೇ ಅರ್ಥ. ಸುರುಳಿಯ ಎತ್ತರ 3 ಮಿ.ಮೀ. ಆಸುಪಾಸಿನಲ್ಲಿ ಇರಲಿ, ತಂತಿಗೆ ಹತ್ತಿರದಲ್ಲಿ ಇರಲಿ.

ಸುತ್ತುವಾಗಲೇ ಪ್ರತಿ ಪದರಕ್ಕೂ ಫೆವಿಕಾಲ್ ಅಥವಾ ಎಪಾಕ್ಸಿ ಸವರಿ. ಸಡಿಲವಾದ ಸುತ್ತುಗಳು ತಾವೇ ಅದುರಿ ಕೀರಲು ಶಬ್ದ ಎಬ್ಬಿಸುತ್ತವೆ, ಆಮೇಲೆ ಅಂಟು ಸುರಿದರೆ ಒಳಗಿನ ಪದರಕ್ಕೆ ತಲುಪುವುದಿಲ್ಲ.

ಬೋಲ್ಟಿನ ಹಿಂಭಾಗಕ್ಕೆ ಅಯಸ್ಕಾಂತ ಅಂಟಿಸುವುದನ್ನು ಮರೆಯಬೇಡಿ. ಬರೀ ವಿದ್ಯುತ್ಕಾಂತವಾದರೆ ಕರೆಂಟು ಯಾವ ದಿಕ್ಕಿಗೆ ಹರಿದರೂ ಉಕ್ಕನ್ನು ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಒಂದು ಸುತ್ತಿಗೆ ಎರಡು ಎಳೆತ ಬಿದ್ದು ತಂತಿಗೆ ಇಮ್ಮಡಿ ಕಂಪನಸಂಖ್ಯೆಯ ಹೊಡೆತ ಸಿಗುತ್ತದೆ, ಮೂಲ ಸ್ವರ ಏಳುವುದೇ ಇಲ್ಲ. ಶಾಶ್ವತ ಅಯಸ್ಕಾಂತ ಇದ್ದರೆ ಎಳೆತ ಯಾವಾಗಲೂ ಇರುತ್ತದೆ. ಕರೆಂಟು ಅದನ್ನು ಹೆಚ್ಚು ಕಡಿಮೆ ಮಾಡುತ್ತದೆ ಅಷ್ಟೆ.

ಎಲ್‌ಎಂ386ರ ಜೋಡಣೆ ಮಾಮೂಲಿನದ್ದೇ. 1 ಮತ್ತು 8ನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್ ಹಾಕಿದರೆ ಗೇನ್ (ಸಂಕೇತ ಹಿಗ್ಗುವ ಪಟ್ಟು) 200, ಬಿಟ್ಟರೆ 20. 3ನೇ ಕಾಲಿಗೆ 10 ಕಿಲೋಓಮ್ ಪಾಟ್ (ವಾಲ್ಯೂಮ್ ತಿರುಗುಗುಂಡಿ) ಮೂಲಕ ಪಿಕಪ್, 2 ಮತ್ತು 4 ಗ್ರೌಂಡ್, 5ರಿಂದ 220 ಮೈಕ್ರೋಫ್ಯಾರಡ್ ಮೂಲಕ ಕಾಯಿಲ್. 5ರಿಂದ ಗ್ರೌಂಡಿಗೆ 10 ಓಮ್ ಮತ್ತು 0.047 ಮೈಕ್ರೋಫ್ಯಾರಡ್ ಸಾಲಾಗಿ, 6ನೇ ಕಾಲಿನ ಬುಡದಲ್ಲೇ 100 ಮೈಕ್ರೋಫ್ಯಾರಡ್. ಕೊನೆಯ ಎರಡನ್ನು ಬಿಟ್ಟವರಿಗೆ ಐಸಿ ತಾನೇ ಕಿವಿಗೆ ಕೇಳದ ಮಟ್ಟದಲ್ಲಿ ಅದುರಿ ಬಿಸಿಯಾಗುತ್ತದೆ. 9 ವೋಲ್ಟಿನ ಚೌಕ ಬ್ಯಾಟರಿ ಈ ಕರೆಂಟಿಗೆ ಬೇಗ ಸುಸ್ತಾಗುತ್ತದೆ. ಎರಡು ಲಿಥಿಯಂ ಸೆಲ್‌ಗಳ 7.4 ವೋಲ್ಟ್ ಪ್ಯಾಕ್ ವಾಸಿ.

ಪಿಕಪ್ ಕುದುರೆಯ ಕಡೆ, ಕಾಯಿಲ್ ಕುತ್ತಿಗೆಯ ಕಡೆ. ನಡುವೆ ಎಷ್ಟು ದೂರ ಸಾಧ್ಯವೋ ಅಷ್ಟು. ಹತ್ತಿರ ಬಂದರೆ ಕಾಯಿಲ್‌ನ ಅಯಸ್ಕಾಂತ ಕ್ಷೇತ್ರ ತಂತಿಯ ಹಂಗಿಲ್ಲದೆ ನೇರವಾಗಿ ಪಿಕಪ್‌ಗೆ ಹಾರುತ್ತದೆ, ಆಗ ಕಿವಿ ಕೊರೆಯುವ ಕೀರಲು. ತಂತಿಯನ್ನು ಬೆರಳಿನಿಂದ ಒತ್ತಿ ಹಿಡಿದಾಗಲೂ ಕೀರಲು ನಿಲ್ಲದಿದ್ದರೆ ಇದೇ ಕಾಯಿಲೆ, ನಿಂತರೆ ಬೇರೇನೋ. ಕಾಯಿಲ್‌ನ ಎರಡು ವೈರ್‌ಗಳನ್ನು ಹೆಣೆದು ತನ್ನಿ, ಪಿಕಪ್‌ನ ಗ್ರೌಂಡನ್ನೂ ಕಾಯಿಲ್‌ನ ಗ್ರೌಂಡನ್ನೂ ಬೇರೆ ಬೇರೆಯಾಗಿ ಬ್ಯಾಟರಿಯ ತುದಿಯಲ್ಲೇ ಸೇರಿಸಿ.

ಎಲ್ಲ ಆದಮೇಲೂ ತಂತಿ ಮೀಟಿದೊಡನೆ ಸಾಮಾನ್ಯಕ್ಕಿಂತ ಬೇಗ ಸತ್ತರೆ ಸಂತೋಷಪಡಿ. ಎಲ್ಲವೂ ಕೆಲಸ ಮಾಡುತ್ತಿದೆ, ಫೇಸ್ ತಿರುಗಿದೆ ಅಷ್ಟೆ. ಕಾಯಿಲ್‌ನ ಎರಡು ವೈರ್ ಅದಲುಬದಲು ಮಾಡಿ. ತಿರುಗಿದ ಫೇಸ್‌ನಲ್ಲಿ ಕೆಲವೊಮ್ಮೆ ಮೂಲ ಸ್ವರ ಸತ್ತು ಅದರ ಮೇಲಿನ ಸ್ವರವೊಂದು ತೆಳ್ಳಗೆ ಏಳುತ್ತದೆ. ಹೊಸ ಇ-ಬೋಗಳಲ್ಲಿ ಇದನ್ನೇ ಬೇಕೆಂದು ಒಂದು ಸ್ವಿಚ್‌ಗೆ ಹಾಕಿದ್ದಾರೆ.

ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲವಲ್ಲ

ತಂಬೂರಿಯ ಮಂದ್ರ ಷಡ್ಜದ ತಂತಿ ಸಾಮಾನ್ಯವಾಗಿ ಹಿತ್ತಾಳೆಯದು. ಮೇಲಿನ ಕಾಯಿಲ್ ಅದರ ಮುಂದೆ ನಿಷ್ಪ್ರಯೋಜಕ. ಇಲ್ಲಿ ದಾರಿ ತಿರುಗುಮುರುಗು: ಅಯಸ್ಕಾಂತವನ್ನು ಸುಮ್ಮನೆ ಇಟ್ಟು ತಂತಿಯೊಳಗೇ ಕರೆಂಟು ಹರಿಸುವುದು. ಅಯಸ್ಕಾಂತ ಕ್ಷೇತ್ರದಲ್ಲಿ ಕರೆಂಟು ಹರಿಯುವ ತಂತಿಗೆ ಪಕ್ಕಕ್ಕೆ ಬಲ ಬೀಳುತ್ತದೆ. ಕರೆಂಟಿನ ದಿಕ್ಕು ಬದಲಾದರೆ ಬಲವೂ ತಿರುಗುತ್ತದೆ. ಎಳೆತವೂ ಉಂಟು, ತಳ್ಳುವುದೂ ಉಂಟು, ಇಮ್ಮಡಿಯ ಗೋಜಿಲ್ಲ. ಅಮೆರಿಕದ ಸಂಗೀತ ಸಂಯೋಜಕ ಆಲ್ವಿನ್ ಲೂಸಿಯರ್ 1977ರಲ್ಲಿ ಕೋಣೆಯ ಉದ್ದಕ್ಕೂ ತಂತಿ ಬಿಗಿದು, ಒಂದು ತುದಿಯಲ್ಲಿ ದೊಡ್ಡ ಅಯಸ್ಕಾಂತವಿಟ್ಟು, ಆಸಿಲೇಟರ್ ಮತ್ತು ಆಂಪ್ಲಿಫೈಯರ್‌ನಿಂದ ಅದನ್ನು ನುಡಿಸಿದ್ದು ಇದೇ ಬಗೆಯಲ್ಲಿ.

ತಂಬೂರಿಯಲ್ಲಿ ಇದನ್ನು ಕಟ್ಟುವುದು ಸುಲಭ, ಏಕೆಂದರೆ ಬಿರಡೆ ಮರದ್ದು, ಕುದುರೆ ಮರದ್ದೋ ಮೂಳೆಯದ್ದೋ. ಕರೆಂಟು ಬೇರೆಡೆ ಸೋರುವುದಿಲ್ಲ. ಒಂದು ಮೊಸಳೆ ಕ್ಲಿಪ್ಪನ್ನು ಬಿರಡೆಗೂ ಮೇಲಿನ ಮೆಟ್ಟಿಗೂ ನಡುವೆ, ಇನ್ನೊಂದನ್ನು ಕುದುರೆ ದಾಟಿ ಶ್ರುತಿ ಮಣಿಗಿಂತ ಆಚೆ ಹಾಕಿ. ನುಡಿಯುವ ಭಾಗಕ್ಕೆ ಕ್ಲಿಪ್ ತಗುಲಿದರೆ ನಾದ ಸತ್ತಂತೆ. ಕೆಳಗಡೆ ನಾಲ್ಕೂ ತಂತಿ ಒಂದೇ ಲೋಹದ ಕೊಂಡಿಗೆ ಬಿದ್ದಿದ್ದರೂ ಚಿಂತೆಯಿಲ್ಲ, ಮೇಲ್ತುದಿಯಲ್ಲಿ ಒಂದಕ್ಕೆ ಮಾತ್ರ ವೈರ್ ಇರುವುದರಿಂದ ಉಳಿದವುಗಳಲ್ಲಿ ಕರೆಂಟು ಹರಿಯದು.

ಆಂಪ್ಲಿಫೈಯರ್‌ಗೂ ತಂತಿಗೂ ನಡುವೆ 8 ಓಮ್, 10 ವ್ಯಾಟ್ ರೆಸಿಸ್ಟರ್ ಇರಲೇಬೇಕು. 0.4 ಮಿ.ಮೀ. ಹಿತ್ತಾಳೆ ತಂತಿಯ ತಡೆ ಮೀಟರಿಗೆ ಬರೀ ಅರ್ಧ ಓಮ್ ಸುಮಾರು. ನೇರ ಕೊಟ್ಟರೆ ಆಂಪ್ಲಿಫೈಯರ್‌ಗೆ ಶಾರ್ಟ್ ಸರ್ಕ್ಯೂಟ್. ಎಲ್‌ಎಂ386 ಸಾಲದಿದ್ದರೆ ಪಿಎಎಂ8403 ಆಂಪ್ಲಿಫೈಯರ್ ಬೋರ್ಡ್ ಹಾಕಬಹುದು, ಆದರೆ ಅದರ ಔಟ್‌ಪುಟ್‌ನ ಎರಡೂ ತುದಿಗಳಲ್ಲಿ ಸಂಕೇತ ಇರುತ್ತದೆ. ಒಂದನ್ನು ಗ್ರೌಂಡಿಗೆ ತಾಗಿಸಿದರೆ ಬೋರ್ಡ್ ಹೋಯಿತು.

ಅಯಸ್ಕಾಂತ ಎಲ್ಲಿಡಬೇಕು ಅನ್ನುವುದೇ ಇಲ್ಲಿನ ಕಸುಬು. ತಂತಿಯ ಕೆಳಗೆ ಇಟ್ಟರೆ ಕ್ಷೇತ್ರ ಮೇಲ್ಮುಖ, ತಂತಿ ಎಡಬಲಕ್ಕೆ ಅಲುಗುತ್ತದೆ. ನಾದ ಬರುತ್ತದೆ, ಆದರೆ ಸಪ್ಪೆ. ಜೀವಾಳಿ, ಅಂದರೆ ತಂಬೂರಿಯ ಝೇಂಕಾರ, ಹುಟ್ಟುವುದು ತಂತಿ ಮೇಲೆ ಕೆಳಗೆ ಆಡುತ್ತಾ ಕುದುರೆಯ ಇಳಿಜಾರನ್ನು ಸವರಿ ಬಿಟ್ಟು, ಸವರಿ ಬಿಟ್ಟು ಹೋಗುವಾಗ. ಅದಕ್ಕಾಗಿ ಎರಡು ಅಯಸ್ಕಾಂತಗಳನ್ನು ತಂತಿಯ ಎಡಕ್ಕೊಂದು ಬಲಕ್ಕೊಂದು, ಪರಸ್ಪರ ಎಳೆಯುವ ಮುಖಗಳು ಎದುರುಬದುರಾಗಿ ಇರುವಂತೆ ನಿಲ್ಲಿಸಿ. ನಡುವೆ 10-12 ಮಿ.ಮೀ. ಸಂದಿ. ಯು ಆಕಾರದ ಕಬ್ಬಿಣದ ಪಟ್ಟಿಗೆ ಅಂಟಿಸಿದರೆ ಕ್ಷೇತ್ರವೂ ಬಲವಾಗುತ್ತದೆ, ಎರಡೂ ಬಂದು ಒಂದಕ್ಕೊಂದು ಬಡಿದು ಒಡೆಯುವುದೂ ತಪ್ಪುತ್ತದೆ. ಪಕ್ಕದ ಉಕ್ಕಿನ ತಂತಿಯನ್ನು ಈ ಅಯಸ್ಕಾಂತ ಬಗ್ಗಿಸಬಹುದು. ಮಂದ್ರ ಅಂಚಿನಲ್ಲಿ ಇರುವುದು ಇಲ್ಲಿ ಅನುಕೂಲಕ್ಕೇ ಬಂದಿದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇಂಥ ಅಯಸ್ಕಾಂತಗಳಿಂದ ದೂರ ಇರಬೇಕು.

ಉದ್ದದಲ್ಲಿ ಎಲ್ಲಿ? ಸರಿಮಧ್ಯದಲ್ಲಿ ಇಟ್ಟರೆ 2, 4, 6ನೇ ಉಪಸ್ವರಗಳಿಗೆ (ಮೂಲ ಸ್ವರದ ಅಷ್ಟು ಪಟ್ಟು ಕಂಪನದ ಸ್ವರಗಳಿಗೆ) ಅದು ನಿಶ್ಚಲ ಬಿಂದು, ಅವು ಏಳುವುದಿಲ್ಲ. ಟೊಳ್ಳಾದ ನಾದ ಬೇಕಿದ್ದರೆ ಅದೇ ಚೆಂದ. ಐದನೇ ಒಂದು ಭಾಗದಲ್ಲಿ ಇಟ್ಟರೆ 5ನೆಯದು ಹೋಗುತ್ತದೆ. ತಂಬೂರಿಯಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರ ಆ 5ನೆಯದೇ, ಹಾಗಾಗಿ ಗಾಂಧಾರ ಕಾಣೆಯಾಗಿದ್ದರೆ ಅಯಸ್ಕಾಂತವನ್ನು ಎರಡು ಬೆರಳು ಸರಿಸಿ ನೋಡಿ.

ಮೊಬೈಲಿನ ಟೋನ್ ಜನರೇಟರ್‌ನಿಂದ ಓಡಿಸಬಹುದು ಎಂದು ಅನ್ನಿಸುತ್ತದೆ. ಶ್ರುತಿ ಹಾರ್ಮೋನಿಯಂನ ಒಂದು ಮನೆ (ಒಂದನೇ ಬಿಳಿ ಕೀಲಿ), ಅಂದರೆ ಸಿ, ಆದರೆ ಮಂದ್ರ ಷಡ್ಜ 65.4 ಹರ್ಟ್ಸ್. ಒಳ್ಳೆಯ ತಂತಿ ಹರ್ಟ್ಸಿನ ಹತ್ತನೇ ಒಂದು ಭಾಗ ಆಚೀಚೆ ಆದರೂ ಸ್ಪಂದಿಸುವುದನ್ನು ಬಿಡುತ್ತದೆ. ಇತ್ತ ಕರೆಂಟು ಹರಿದ ತಂತಿ ಬಿಸಿಯಾಗಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಗಿಟಾರಿನ 0.25 ಮಿ.ಮೀ. ಉಕ್ಕಿನ ತಂತಿಯಲ್ಲಿ ಅರ್ಧ ಆಂಪಿಯರ್ ಹರಿಸಿದರೆ ಲೆಕ್ಕದ ಪ್ರಕಾರ ಸುಮಾರು 20 ಡಿಗ್ರಿ ಏರಿ, ಕಾಲು ಸ್ವರಸ್ಥಾನದಷ್ಟು ಶ್ರುತಿ ಜಾರುತ್ತದೆ. ದಪ್ಪ ಹಿತ್ತಾಳೆಯಲ್ಲಿ ಇಷ್ಟಾಗದು, ಆದರೂ ಟೋನ್ ಜನರೇಟರ್ ಕೈಬಿಡುವಷ್ಟು ಆಗುತ್ತದೆ. ಫ್ಯಾನ್ ಹಾಕಿದರೆ ಮತ್ತೆ ಏರುತ್ತದೆ. ಆದ್ದರಿಂದ ತಂತಿಯ ಮಾತನ್ನು ತಂತಿಗೇ ಹಿಂದಿರುಗಿಸುವ ಸುತ್ತು ಕಟ್ಟುವುದೇ ಸರಿ: ಶ್ರುತಿ ಎತ್ತ ಜಾರಿದರೂ ಸುತ್ತು ಹಿಂಬಾಲಿಸುತ್ತದೆ. ಕರೆಂಟು ಕೊಟ್ಟು ಐದು ನಿಮಿಷ ಬಿಟ್ಟು, ಬಿಸಿ ಒಂದು ಮಟ್ಟಕ್ಕೆ ನಿಂತಮೇಲೆ ಶ್ರುತಿ ಮಾಡಿ.

ಈ ಸುತ್ತಿನ ಕಿವಿಯಾಗಿ 27 ಮಿ.ಮೀ. ಪೀಜೋ ಬಿಲ್ಲೆಯನ್ನು (ಒತ್ತಿದರೆ ವೋಲ್ಟೇಜ್ ಕೊಡುವ ಬಿಲ್ಲೆ) ಕುದುರೆಯ ಪಕ್ಕಕ್ಕೆ ಅಂಟಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಪೀಜೋಗೆ 1 ಮೆಗಾಓಮ್ ಇನ್‌ಪುಟ್ ಕೊಡಿ, ಇಲ್ಲದಿದ್ದರೆ ಮಂದ್ರ ಹೋಗುತ್ತದೆ ಅನ್ನುವ ಉಪದೇಶ ಎಲ್ಲೆಡೆ ಸಿಗುತ್ತದೆ. ಕೇಳಲು, ರೆಕಾರ್ಡ್ ಮಾಡಲು ಅದು ಸರಿ. ನಾದ ಉಳಿಸಲು ತಪ್ಪು. ಕುದುರೆಯ ಮೇಲಿನ ಪೀಜೋ ಹೇಳುವುದು ತಂತಿ ಎಲ್ಲಿದೆ ಎಂಬುದನ್ನು, ನಮಗೆ ಬೇಕಿರುವುದು ವೇಗ. ಎರಡಕ್ಕೂ ಕಾಲು ಸುತ್ತಿನ ಅಂತರ. ಆ ಬಿಲ್ಲೆಯ ಕೆಪಾಸಿಟೆನ್ಸ್ ಸುಮಾರು 20 ನ್ಯಾನೋಫ್ಯಾರಡ್. ಅದಕ್ಕೆ 10 ಕಿಲೋಓಮ್ ಅಡ್ಡ ಹಾಕಿದರೆ 800 ಹರ್ಟ್ಸ್‌ಗಿಂತ ಸಾಕಷ್ಟು ಕೆಳಗಿನ ಸ್ವರಗಳಲ್ಲಿ ಅದೇ ಜೋಡಿ ಸ್ಥಾನವನ್ನು ವೇಗವಾಗಿ ಪರಿವರ್ತಿಸಿ ಕೊಡುತ್ತದೆ. ಸಂಕೇತ 100 ಹರ್ಟ್ಸ್‌ನಲ್ಲಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ನಿಜ. ಎಲ್‌ಎಂ386ರ ಗೇನ್ 20ರಿಂದ 200ಕ್ಕೆ ಏರಿಸಿದರೆ ಲೆಕ್ಕ ಚುಕ್ತಾ. ಪಾಟ್ ಹೇಗೂ 10 ಕಿಲೋಓಮ್ ಇದೆಯಲ್ಲ, ಪೀಜೋವನ್ನು ಅದಕ್ಕೇ ನೇರವಾಗಿ ಕೊಡಿ.

ಪಾಟ್ ನಿಧಾನಕ್ಕೆ ಏರಿಸಿ. ತಂತಿ ಮೊದಲು ಉಸುರಿ, ಆಮೇಲೆ ಏರುತ್ತಾ ಹೋಗಿ, ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದಾಗ ಒಂದು ಎತ್ತರದಲ್ಲಿ ನಿಲ್ಲುತ್ತದೆ. ಆಗ ತಂತಿಗೂ ಕುದುರೆಗೂ ನಡುವಿನ ಜೀವಾಳಿಯ ದಾರವನ್ನು ಮತ್ತೊಮ್ಮೆ ಹೊಂದಿಸಬೇಕು. ಮೀಟಿದಾಗ ಸರಿಯಾಗಿದ್ದ ಜಾಗ ಈಗ ಸರಿಯಲ್ಲ, ಏಕೆಂದರೆ ತಂತಿಯ ಬೀಸು ಮೀಟಿದ ಕ್ಷಣದಷ್ಟು ದೊಡ್ಡದಿಲ್ಲ. ದಾರವನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದರೆ ಒಂದು ಕಡೆ ಥಟ್ಟನೆ ಮೇಲಿನ ಸ್ವರಗಳೆಲ್ಲ ಬಿಚ್ಚಿಕೊಳ್ಳುತ್ತವೆ.

ಇಡೀ ಕೊಡವನ್ನೇ ಅದುರಿಸುವುದು

ಸ್ಪೀಕರಿನ ಕಾಗದ ತೆಗೆದು ಕಾಯಿಲ್ ಮಾತ್ರ ಉಳಿಸಿದಂತಿರುವ ಎಕ್ಸೈಟರ್‌ಗಳು ಸಿಗುತ್ತವೆ. ಅದನ್ನು ವಾದ್ಯಕ್ಕೆ ಅಂಟಿಸಿ, ವಾದ್ಯದ ಸದ್ದನ್ನೇ ಅದಕ್ಕೆ ಕೊಟ್ಟರೆ ಎಲ್ಲ ತಂತಿಗಳೂ ಒಟ್ಟಿಗೆ ಏಳುತ್ತವೆ. ಕೇಳಲು ಸುಲಭ, ಪಳಗಿಸಲು ಕಷ್ಟ. ಪೀಜೋ ಕೊಡಕ್ಕೆ ಅಂಟಿದ್ದರೆ ತಂತಿಗಿಂತ ಮೊದಲು ಕೊಡವೇ ತನ್ನ ಸ್ವಂತ ಸ್ವರದಲ್ಲಿ ಊಳಿಡುತ್ತದೆ. ಈಕ್ವಲೈಜರ್‌ನಲ್ಲಿ ಆ ಒಂದು ಸ್ವರವನ್ನು ಕಿರಿದಾಗಿ ಕತ್ತರಿಸಿದರೆ ಎರಡನೆಯದು ಏಳುತ್ತದೆ, ಅದನ್ನು ಕತ್ತರಿಸಿದರೆ ಮೂರನೆಯದು. ಇದಕ್ಕಿಂತ ತಂತಿಗಳ ಮೇಲೆ ಮ್ಯಾಗ್ನೆಟಿಕ್ ಪಿಕಪ್ ಇಡುವುದು ಮೇಲು. ಅದಕ್ಕೆ ಮರದ ಸದ್ದು ಕೇಳುವುದೇ ಇಲ್ಲ, ಉಕ್ಕಿನ ತಂತಿಯದಷ್ಟೇ ಕೇಳುತ್ತದೆ.

ನಡುವೆ ಕಂಪ್ಯೂಟರ್ ಇಟ್ಟವರು ಲೇಟೆನ್ಸಿ ಗಮನಿಸಿ. 10 ಮಿಲಿಸೆಕೆಂಡ್ ತಡ ಅಂದರೆ 100 ಹರ್ಟ್ಸ್‌ಗೆ ಪೂರ್ತಿ ಒಂದು ಸುತ್ತು, ಅದು ಗೆಲ್ಲುತ್ತದೆ. 150ಕ್ಕೆ ಒಂದೂವರೆ ಸುತ್ತು, ಅದು ಸೋಲುತ್ತದೆ. ಬಫರ್ ಗಾತ್ರ ಬದಲಿಸಿದೊಡನೆ ಬೇರೆ ಸ್ವರ ಏಳುವುದು ಇದರಿಂದಲೇ. ದೋಷ ಅನ್ನುವುದಕ್ಕಿಂತ ಇದನ್ನು ಸ್ವರ ಆರಿಸುವ ಕೀಲಿಯಾಗಿ ಬಳಸಿಕೊಳ್ಳುವುದು ಜಾಣತನ. ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಏರ್ಪಾಡು) ಇಲ್ಲದೆ ಮಾತ್ರ ಇದನ್ನು ಶುರುಮಾಡಬೇಡಿ, ಹೆಡ್‌ಫೋನ್ ಹಾಕಿಕೊಂಡಂತೂ ಬೇಡವೇ ಬೇಡ. ವೀಣೆ ತಂಬೂರಿಗಳ ಪಾಲಿಶ್ ಮೇಲೆ ಎಕ್ಸೈಟರ್‌ನ ಗಟ್ಟಿ ಟೇಪು ಹಚ್ಚಿದರೆ ಕೀಳುವಾಗ ಪಾಲಿಶೂ ಬರುತ್ತದೆ.

ಕೊನೆಯಿಲ್ಲದ ಕಮಾನು

ವಿದ್ಯುತ್ತಿನ ಸುತ್ತುಗಳು ನಯವಾದ ನಾದ ಕೊಡುತ್ತವೆ. ಒರಟು ಬೇಕಿದ್ದರೆ ತಿಕ್ಕಬೇಕು. ಪಿಯಾನೋದ ಒಳಗೆ ತಂತಿಗಳ ಅಡಿಯಿಂದ ಗಾಳದ ನೈಲಾನ್ ದಾರ ತೂರಿಸಿ ಎರಡೂ ಕೈಯಲ್ಲಿ ಎಳೆದಾಡಿ ನುಡಿಸುವ ಪದ್ಧತಿಯನ್ನು ಅಮೆರಿಕದ ಸಂಯೋಜಕ ಸ್ಟೀಫನ್ ಸ್ಕಾಟ್ 1970ರ ದಶಕದಲ್ಲಿ ಕೊಲೊರಾಡೊದಲ್ಲಿ ಒಂದು ತಂಡ ಕಟ್ಟಿ ಬೆಳೆಸಿದರು. ನಮ್ಮಲ್ಲಿ ವೀಣೆ, ತಂಬೂರಿ, ಸ್ವರಮಂಡಲ ಯಾವುದಕ್ಕೂ ಇದು ಒಗ್ಗುತ್ತದೆ. 0.3 ಮಿ.ಮೀ. ದಾರದ ಹತ್ತು ಎಳೆ, ಮುಕ್ಕಾಲು ಮೀಟರ್ ಉದ್ದ, ಎರಡೂ ತುದಿಗೆ ಗಂಟು. ಹೊಸ ನೈಲಾನ್ ಜಾರುತ್ತದೆ, ಒಣ ರೋಸಿನ್ (ಕಮಾನಿಗೆ ಉಜ್ಜುವ ರಾಳ) ಅದಕ್ಕೆ ಹಿಡಿಯುವುದಿಲ್ಲ. ರೋಸಿನ್ ಪುಡಿಮಾಡಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗಿಸಿ ಬಟ್ಟೆಯಿಂದ ಸವರಿ ಒಣಗಲು ಬಿಡಿ, ಆಮೇಲೆ ಒಣ ರೋಸಿನ್ ಉಜ್ಜಿ. ತಂತಿಗೆ ಮೆತ್ತಿದ ರೋಸಿನ್ನನ್ನು ಅದೇ ದಿನ ಒರೆಸದಿದ್ದರೆ ಮಳೆಗಾಲದಲ್ಲಿ ಅದು ಅಂಟಾಗಿ ದೂಳು ಕಟ್ಟಿ ತಂತಿಯ ನಾದವನ್ನೇ ಮಬ್ಬು ಮಾಡುತ್ತದೆ.

ಕೈ ಬೇಡ ಅನ್ನುವವರಿಗೆ ಚಕ್ರ. ಯುರೋಪಿನ ಹರ್ಡಿ-ಗರ್ಡಿ ಶತಮಾನಗಳಿಂದ ಮಾಡುತ್ತಿರುವುದು ಇದನ್ನೇ: ಹಿಡಿ ತಿರುಗಿಸಿದರೆ ರೋಸಿನ್ ಹಚ್ಚಿದ ಮರದ ಚಕ್ರ ತಂತಿಯನ್ನು ಉಜ್ಜುತ್ತಲೇ ಇರುತ್ತದೆ. 12 ಸೆಂ.ಮೀ. ವ್ಯಾಸದ ಚಕ್ರ, ನಿಮಿಷಕ್ಕೆ 60 ಸುತ್ತಿನ 12 ವೋಲ್ಟ್ ಗೇರ್ ಮೋಟಾರ್ ಜೋಡಿಸಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 38 ಸೆಂ.ಮೀ., ಸಾಮಾನ್ಯ ಕಮಾನಿನ ವೇಗದ ಆಸುಪಾಸು. ಚಕ್ರ ದುಂಡಗಿರುವುದೇ ಎಲ್ಲಕ್ಕಿಂತ ಮುಖ್ಯ. ಕಣ್ಣಿಗೆ ಕಾಣದಷ್ಟು ಡೊಂಕಿದ್ದರೂ ಸುತ್ತಿಗೊಮ್ಮೆ ನಾದ ಉಬ್ಬಿ ಇಳಿಯುತ್ತದೆ. ಮೋಟಾರಿಗೆ ಜೋಡಿಸಿದ ಮೇಲೆ, ಅದು ತಿರುಗುತ್ತಿರುವಾಗಲೇ ಉಪ್ಪುಕಾಗದ ಹಿಡಿದು ಅಂಚನ್ನು ಸರಿಮಾಡುವುದು ಒಂದೇ ದಾರಿ. ಮೊದಲೇ ಕಡೆದು ತಂದ ಚಕ್ರ ಶಾಫ್ಟಿಗೆ ಕೂರಿಸುವಾಗ ವಾಲುತ್ತದೆ.

ತಂತಿ ತಗಲುವ ಜಾಗಕ್ಕೆ ಹತ್ತಿಯ ನಾಲ್ಕು ಎಳೆ ಸುತ್ತಿ, ತೆಳ್ಳಗೆ. ಇದು ಹರ್ಡಿ-ಗರ್ಡಿಯವರ ಹಳೆಯ ವಿದ್ಯೆ. ಹತ್ತಿಯಿಲ್ಲದೆ ಲೋಹದ ಕಿರುಚಾಟವೇ ಹೆಚ್ಚು. ತಂತಿ ಚಕ್ರವನ್ನು ಅತಿಯಾಗಿ ಒತ್ತಿದರೆ ಗರಗರ, ಕಡಿಮೆ ಒತ್ತಿದರೆ ಮೂಲ ಸ್ವರ ಬಿಟ್ಟು ಮೇಲಿನದು ಸಿಳ್ಳೆ ಹಾಕುತ್ತದೆ. ಕುದುರೆಗೆ ಹತ್ತಿರ ಹೋದಷ್ಟೂ ಹೆಚ್ಚು ಒತ್ತಡ ಬೇಕು, ಸರಿಯಾದ ಒತ್ತಡದ ಹರವೂ ಕಿರಿದಾಗುತ್ತದೆ. ಆದ್ದರಿಂದ ಮೊದಲು ದೂರದಲ್ಲಿ ಶುರುಮಾಡಿ. ಗೇರಿನ ಗುರುಗುಟ್ಟುವಿಕೆ ಮರದ ಮೂಲಕ ವಾದ್ಯಕ್ಕೆ ಇಳಿಯದಂತೆ ಶಾಫ್ಟಿಗೂ ಚಕ್ರಕ್ಕೂ ನಡುವೆ ದಪ್ಪ ರಬ್ಬರ್ ಟ್ಯೂಬಿನ ತುಂಡು ಹಾಕಿ, ಮೋಟಾರನ್ನು ಬೇರೆಯೇ ಸ್ಟ್ಯಾಂಡಿಗೆ ಕಟ್ಟಿ. ಚಕ್ರದ ಬದಲು ದಾರದ ಬೆಲ್ಟ್ ಹಾಕಿದರೆ ಸುತ್ತಿಗೊಮ್ಮೆ ಗಂಟು ಬಂದು ಟಕ್ ಅನ್ನುವುದನ್ನು ತಪ್ಪಿಸಲಾಗದು.

ತಿಕ್ಕುವುದರಲ್ಲೇ ಇನ್ನೊಂದು ಬಗೆ ತಂತಿಯ ಉದ್ದಕ್ಕೆ ತಿಕ್ಕುವುದು. ಅಮೆರಿಕದ ಸಂಯೋಜಕಿ ಎಲೆನ್ ಫುಲ್‌ಮನ್ 1980ರ ದಶಕದಿಂದ ಕೋಣೆಯಷ್ಟು ಉದ್ದದ ತಂತಿಗಳ ನಡುವೆ ರೋಸಿನ್ ಹಚ್ಚಿದ ಬೆರಳುಗಳಿಂದ ಸವರುತ್ತಾ ನಡೆದು ನುಡಿಸುತ್ತಾರೆ. ಆಗ ಅಲೆ ಅಡ್ಡಕ್ಕಲ್ಲ, ತಂತಿಯೊಳಗೇ ಉದ್ದಕ್ಕೆ ಓಡುತ್ತದೆ. ಬಿಗಿ ಹೆಚ್ಚಿಸಿದರೆ ಶ್ರುತಿ ಬದಲಾಗದು, ಉದ್ದ ಮತ್ತು ಲೋಹವಷ್ಟೇ ಲೆಕ್ಕ. ಉಕ್ಕಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5000 ಮೀಟರ್, ಹಿತ್ತಾಳೆಯಲ್ಲಿ 3500. ಹತ್ತು ಮೀಟರ್ ತಂತಿ ಉಕ್ಕಿನದಾದರೆ 250 ಹರ್ಟ್ಸ್, ಹಿತ್ತಾಳೆಯದಾದರೆ 175. ಆರು ಮೀಟರ್ ಪಡಸಾಲೆಗೆ ಉಕ್ಕು ಹಾಕಿದರೆ 400 ದಾಟಿ ಕೀಚಲಾಗುತ್ತದೆ, ಹಿತ್ತಾಳೆಯೇ ಸರಿ. ಬಿರಡೆ ತಿರುಗಿಸಿ ಶ್ರುತಿ ಮಾಡಲಾಗದು, ಭಾರದ ಕ್ಲಾಂಪನ್ನು ಸರಿಸಬೇಕು.

ಗಾಳಿ

ಹಾರ್ಮೋನಿಯಂ, ಶ್ರುತಿ ಪೆಟ್ಟಿಗೆಗಳಲ್ಲಿ ಕೆಲಸ ಸಲೀಸು ಅನ್ನಿಸುತ್ತದೆ: ಮನೆಗಳ (ಕೀಲಿಗಳ) ನಡುವೆ ಮಡಿಸಿದ ಕಾಗದ ಸಿಕ್ಕಿಸಿ, ತಿದಿಯ ಬದಲು ಬ್ಲೋವರ್ ಇಡಿ. ಕಂಪ್ಯೂಟರಿನ ಫ್ಯಾನ್ ಮಾತ್ರ ಆಗದು. ಅದು ಗಾಳಿ ಬಹಳ ಸಾಗಿಸುತ್ತದೆ, ಒತ್ತಡ ನೀರಿನ ಲೆಕ್ಕದಲ್ಲಿ ಬರೀ ಕೆಲವು ಮಿಲಿಮೀಟರ್. ಅಕ್ವೇರಿಯಂ ಪಂಪಿನದು ಇದಕ್ಕೆ ತದ್ವಿರುದ್ಧ: ಒತ್ತಡ ಉಂಟು, ಗಾಳಿ ಸಾಲದು, ಮೇಲಾಗಿ ಕರೆಂಟಿನ 50 ಹರ್ಟ್ಸ್‌ಗೆ ಮಿಡಿಯುತ್ತಾ ನಾದವನ್ನು ಗಡಗಡ ಮಾಡುತ್ತದೆ. ಒಂದೇ ರೀಡಿಗೆ ಬೇಕಿದ್ದರೆ ನಡುವೆ 20 ಲೀಟರಿನ ನೀರಿನ ಕ್ಯಾನ್ ಇಟ್ಟು ಮಿಡಿತ ತಗ್ಗಿಸಬಹುದು. ಗಾಳಿಹಾಸಿಗೆ ಉಬ್ಬಿಸುವ ಬ್ಲೋವರ್, ಪೈಪಿನಲ್ಲಿ ಗಾಳಿ ಸೋರಿಸುವ ತೂತು, ತೂತಿಗೆ ಸರಿಸುವ ಮುಚ್ಚಳ, ಇಷ್ಟು ನೆಚ್ಚಬಹುದಾದ ಏರ್ಪಾಡು. ಬ್ಲೋವರ್ ಪಕ್ಕದ ಕೋಣೆಯಲ್ಲಿರಲಿ.

ಒತ್ತಡ ಅಳೆಯದೆ ರೀಡಿಗೆ ಗಾಳಿ ಬಿಡಬೇಡಿ. ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಬಗ್ಗಿಸಿ ಅರ್ಧ ನೀರು ತುಂಬಿ, ಒಂದು ತುದಿಯನ್ನು ಗಾಳಿಪೆಟ್ಟಿಗೆಗೆ ಜೋಡಿಸಿ. ಮೊದಲು ಕೈಯಿಂದ ತಿದಿ ಒತ್ತಿ ಹಿತವಾದ ನಾದಕ್ಕೆ ನೀರು ಎಷ್ಟು ಸೆಂಟಿಮೀಟರ್ ಏರುತ್ತದೆ ಎಂದು ಗುರುತು ಹಾಕಿಕೊಳ್ಳಿ, ಬ್ಲೋವರನ್ನು ಆ ಗುರುತಿಗೇ ತನ್ನಿ. ಒತ್ತಡ ಹೆಚ್ಚಿದರೆ ರೀಡಿನ ಶ್ರುತಿ ತುಸು ಇಳಿಯುತ್ತದೆ, ಇನ್ನೂ ಹೆಚ್ಚಿದರೆ ರೀಡ್ ಬಾಗಿ ಕಂಠ ಕಟ್ಟುತ್ತದೆ. ಗಂಟೆಗಟ್ಟಲೆ ಹೆಚ್ಚು ಒತ್ತಡದಲ್ಲಿ ಓಡಿದ ಹಿತ್ತಾಳೆ ರೀಡ್ ಬುಡದಲ್ಲಿ ದಣಿದು ಒಂದು ದಿನ ಮುರಿಯುತ್ತದೆ.

ಗಾಳಿಯಿಂದ ನಾದ ಉಳಿಸುವ ಸಾಹಸದ ತುತ್ತತುದಿ ಜರ್ಮನಿಯ ಹಾಲ್ಬರ್‌ಶ್ಟಾಟ್‌ನಲ್ಲಿದೆ. ಅಲ್ಲಿನ ಸೇಂಟ್ ಬುರ್ಖಾರ್ಡಿ ಚರ್ಚಿನ ಪುಟ್ಟ ಆರ್ಗನ್ ಅಮೆರಿಕದ ಸಂಯೋಜಕ ಜಾನ್ ಕೇಜ್‌ನ, ಆದಷ್ಟೂ ನಿಧಾನವಾಗಿ ನುಡಿಸಬೇಕಾದ ಕೃತಿಯೊಂದನ್ನು 2001ರ ಸೆಪ್ಟೆಂಬರ್ 5ರಿಂದ ನುಡಿಸುತ್ತಿದೆ, ಮುಗಿಯುವುದು 2640ರಲ್ಲಿ. ಮೊದಲ 17 ತಿಂಗಳು ಮೌನ. 2003ರ ಫೆಬ್ರವರಿ 5ರಂದು ಮೊದಲ ಸ್ವರ. ಅಲ್ಲೂ ಮನೆಗಳನ್ನು ಒತ್ತಿ ಹಿಡಿದಿರುವುದು ಮರಳಿನ ಚೀಲಗಳು. ಗಾಳಿಗೆ ವಿದ್ಯುತ್ ಬ್ಲೋವರ್. ಸ್ವರ ಬದಲಾಗುವ ದಿನ ಬೇಕಾದ ಕೊಳವೆ ಸೇರಿಸುತ್ತಾರೆ, ಬೇಡದ್ದು ತೆಗೆಯುತ್ತಾರೆ.

ಉಳಿದ ನಾದಕ್ಕೆ ಚಲನೆ

ಇಷ್ಟೆಲ್ಲ ಮಾಡಿ ಮೊದಲ ಸಲ ತಂಬೂರಿಯ ತಂತಿಯನ್ನು ನಿಲ್ಲದಂತೆ ನುಡಿಸಿದವರು ಸಾಮಾನ್ಯವಾಗಿ ನಿರಾಶರಾಗುತ್ತಾರೆ. ನಾದವೇನೋ ನಿಂತಿಲ್ಲ, ಆದರೆ ಅದು ತಂಬೂರಿಯಲ್ಲ. ಮೀಟಿದ ತಂತಿ ಇಳಿಯುತ್ತಾ ಹೋದಂತೆ ಬೀಸು ಕಿರಿದಾಗಿ ಕುದುರೆಯನ್ನು ಸವರುವ ಬಗೆ ಬದಲಾಗುತ್ತದೆ, ಉಪಸ್ವರಗಳು ಒಂದರ ಹಿಂದೊಂದು ಬೆಳಗಿ ಮಾಯವಾಗುತ್ತವೆ. ಬೀಸನ್ನು ಒಂದೇ ಎತ್ತರದಲ್ಲಿ ಕಟ್ಟಿಹಾಕಿದರೆ ಆ ಪಯಣವೇ ಇಲ್ಲ. ಶಕ್ತಿ ತುಂಬುವುದಕ್ಕಿಂತ ಈ ಚಲನೆಯನ್ನು ಹಿಂದೆ ತರುವುದು ಹೆಚ್ಚಿನ ಕೆಲಸ, ಹೆಚ್ಚಿನ ಜನ ಇದಕ್ಕೆ ಮುಂಚೆಯೇ ಕೈಚೆಲ್ಲುತ್ತಾರೆ.

ದೂಡುವ ಬಲವನ್ನು ಐದಾರು ಸೆಕೆಂಡಿಗೊಮ್ಮೆ ಏರಿಸಿ ಇಳಿಸುವುದು ಮೊದಲ ಉಪಾಯ. ಸೊನ್ನೆಗೆ ಇಳಿಸಬೇಡಿ, ಮೂರನೇ ಒಂದು ಭಾಗಕ್ಕೆ ಇಳಿದು ಮತ್ತೆ ಏರಲಿ. ತಂತಿ ತಡವಾಗಿ ಹಿಂಬಾಲಿಸುವುದರಿಂದ ಅದಕ್ಕಿಂತ ವೇಗವಾದ ಏರಿಳಿತ ಕಿವಿಗೆ ನಡುಕವಾಗಿ ಕೇಳುತ್ತದೆ. ಎರಡನೆಯದು ಎರಡು ಷಡ್ಜಗಳನ್ನು ಕೂದಲೆಳೆ ಬೇರೆ ಶ್ರುತಿಯಲ್ಲಿ ಇಡುವುದು. ಒಂದು 130.8, ಇನ್ನೊಂದು 131.0 ಆದರೆ ಐದು ಸೆಕೆಂಡಿಗೊಂದು ನಿಧಾನದ ಅಲೆ. ಆದರೆ ಎರಡೂ ತಂತಿ ಒಂದೇ ಕುದುರೆಯ ಮೇಲಿದ್ದು ಎರಡಕ್ಕೂ ಸುತ್ತು ಕಟ್ಟಿದ್ದರೆ ಅವು ಕುದುರೆಯ ಮೂಲಕ ಒಂದನ್ನೊಂದು ಎಳೆದುಕೊಂಡು ಒಂದೇ ಶ್ರುತಿಗೆ ಬೀಗ ಹಾಕಿಕೊಳ್ಳುತ್ತವೆ, ಅಲೆ ಮಾಯ. ಬಿರಡೆ ತಿರುಗಿಸಿದಷ್ಟೂ ಏನೂ ಆಗುವುದಿಲ್ಲ, ಆಮೇಲೆ ಥಟ್ಟನೆ ಬೀಗ ಕಳಚಿ ಅಲೆ ಅತಿ ವೇಗವಾಗಿ ಬರುತ್ತದೆ. ಎರಡು ತಂಬೂರಿಗಳನ್ನು ಬೇರೆ ಬೇರೆ ಚಾಪೆಯ ಮೇಲೆ ಒಂದು ಮೀಟರ್ ದೂರವಿಟ್ಟು, ಒಂದೊಂದಕ್ಕೂ ಬೇರೆ ಬ್ಯಾಟರಿ ಕೊಟ್ಟರೆ ಈ ಬೀಗ ಬೀಳುವುದಿಲ್ಲ.